ಟಿಕೆಟ್ ಎಣಿಸಿದ್ದು ಸಾಕು, ಇನ್ನು ಟ್ರಿಪ್ ಎಣಿಸಿ

ಮಾನ್ಯ ಸಾರಿಗೆ ಸಚಿವರಿಗೆ, ನಾಲ್ಕೂ ಸಾರಿಗೆ ನಿಗಮಗಳ ವ್ಯವಸ್ಥಾಪಕ ನಿರ್ದೇಶಕರಿಗೆ ಮತ್ತು ಬಸ್ಸಿನ ಸುದ್ದಿ ಬರೆಯುವ ಪತ್ರಕರ್ತ ಮಿತ್ರರಿಗೆ,

ನಮಸ್ಕಾರ.

ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಉಚಿತ ಪ್ರಯಾಣ ಕೊಡುವ 'ಶಕ್ತಿ' ಯೋಜನೆ 2023ರ ಜೂನ್ 11ರಂದು ಶುರುವಾಯಿತು. ಅಲ್ಲಿಂದೀಚೆಗೆ ಬಸ್ಸಿನ ಬಗ್ಗೆ ಬರುವ ರಾಜಕೀಯ ಸುದ್ದಿ ಹೆಚ್ಚಾಗಿ ಎರಡೇ ಬಗೆಯದು. ಒಂದರಲ್ಲಿ ಟಿಕೆಟ್ಟಿನ ಲೆಕ್ಕ. 2025ರ ಜುಲೈನಲ್ಲಿ ಉಚಿತ ಟಿಕೆಟ್ಟುಗಳ ಸಂಖ್ಯೆ ಐನೂರು ಕೋಟಿಯ ಗಡಿ ದಾಟಿದಾಗ ಮುಖ್ಯಮಂತ್ರಿಗಳೇ ಬಸ್ಸಿನಲ್ಲಿ ನಿಂತು ಟಿಕೆಟ್ ಹರಿದುಕೊಟ್ಟ ಫೋಟೋ ಪತ್ರಿಕೆಗಳಲ್ಲಿ ಬಂತು. ಇನ್ನೊಂದರಲ್ಲಿ ಸಾಲದ ಲೆಕ್ಕ: ನಿಗಮಗಳು ಮುಳುಗುತ್ತಿವೆ, ಬಿಟ್ಟಿ ಕೊಟ್ಟು ಖಜಾನೆ ಬರಿದಾಯಿತು. ಮೊದಲನೆಯದನ್ನು ಓದುವಾಗ ನಮಗೆ ನಿಜವಾಗಿಯೂ ಸಂತೋಷವಾಗುತ್ತದೆ. ಎರಡನೆಯದರಲ್ಲಿ ಸತ್ಯಾಂಶ ಇದೆಯೆಂದೂ ಗೊತ್ತು, ಆದರೆ ಅದನ್ನು ಹೇಳುವ ಧಾಟಿಯಲ್ಲಿ ಹೆಣ್ಣುಮಕ್ಕಳನ್ನು ಹಗುರವಾಗಿ ಕಾಣುವ ದನಿ ಕೇಳಿ ಮನಸ್ಸಿಗೆ ನೋವಾಗುತ್ತದೆ. ಈ ಎರಡೂ ಲೆಕ್ಕದಲ್ಲಿ ಬಾರದ ಮೂರನೆಯ ಲೆಕ್ಕವೊಂದಿದೆ. ಇಂದು ಈ ಡಿಪೋದಿಂದ ಎಷ್ಟು ಟ್ರಿಪ್ ಓಡಬೇಕಿತ್ತು, ಎಷ್ಟು ಓಡಿತು, ಉಳಿದವು ಏಕೆ ರದ್ದಾದವು? ಅದನ್ನು ದಿನಾ ಪ್ರಕಟಿಸಿ ಎಂದು ಕೇಳುವುದಕ್ಕಾಗಿ ಈ ಪತ್ರ.

ಮೊದಲು ಸಂತೋಷದ ಮಾತು ಹೇಳಿಬಿಡುತ್ತೇವೆ, ಏಕೆಂದರೆ ಸುದ್ದಿಯಲ್ಲಿ ಅದಕ್ಕೇ ಕಡಿಮೆ ಜಾಗ.

ಒಂದು ಕಡೆಗೆ 30 ರೂಪಾಯಿ ಟಿಕೆಟ್ ಎಂದಿಟ್ಟುಕೊಳ್ಳಿ. ತಿಂಗಳಿಗೆ 26 ದಿನ ಹೋಗಿ ಬರುವುದಕ್ಕೆ 1,560 ರೂಪಾಯಿ ಆಗುತ್ತದೆ. ಬೆಂಗಳೂರಿನಲ್ಲಿ ಎರಡು ಬಸ್ ಬದಲಿಸಿ ಮನೆಗೆಲಸಕ್ಕೆ ಹೋಗುವವರಿಗೆ ಬಿಎಂಟಿಸಿಯ ಸಾಮಾನ್ಯ ಮಾಸಿಕ ಪಾಸೇ ಈಗ 1,200 ರೂಪಾಯಿ. ಆ ದುಡ್ಡು ಕೈಯಲ್ಲಿ ಉಳಿದರೆ ಸಂಘದ ಕಂತು ತಪ್ಪುವುದಿಲ್ಲ, ಸಿಲಿಂಡರಿಗೆ ಸಾಲ ಎತ್ತುವುದು ತಪ್ಪುತ್ತದೆ. ಇದು ಲೆಕ್ಕಕ್ಕೆ ಸಿಗುವ ಲಾಭ. ಲೆಕ್ಕಕ್ಕೆ ಸಿಗದ್ದು ಇನ್ನೂ ಹೆಚ್ಚಿನದು. ಹತ್ತಿದ ಬಸ್ಸು ತಪ್ಪಾದರೆ ಇಳಿದು ಇನ್ನೊಂದು ಹತ್ತುವುದಕ್ಕೆ ಈಗ ಭಯವಿಲ್ಲ. ನೇರ ಬಸ್ಸಿಗೆ ಕಾಯದೆ ಸಿಕ್ಕಿದ್ದನ್ನು ಹತ್ತಿ ಮಧ್ಯದಲ್ಲಿ ಬದಲಿಸಬಹುದು. ಬೆಳಿಗ್ಗೆ ತವರಿಗೆ ಹೋಗಿ ಅವ್ವನ ಕೈಯಡುಗೆ ಉಂಡು, ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬಹುದು. ಹಾಗೆ ಹೋಗುವುದಕ್ಕೆ ಯಾರ ಕೈಯಿಂದಲೂ ಐವತ್ತು ರೂಪಾಯಿ ಕೇಳಬೇಕಿಲ್ಲ. ಆಸ್ಪತ್ರೆಗೆ ಎರಡನೇ ಸಲ ತೋರಿಸಲು ಬಾ ಎಂದರೆ ಹೋಗುತ್ತಾರೆ. ಮೊದಲು ಅಲ್ಲೇ ನಿಲ್ಲಿಸಿಬಿಡುತ್ತಿದ್ದವರು ಬಹಳ.

ಸಂತೆಯಿಂದ ಮರಳುವ ಬಸ್ಸನ್ನು ಹತ್ತಿರದಿಂದ ನೋಡಿ. ಬಾಗಿಲ ಪಕ್ಕದ ಸೀಟಿನ ಕೆಳಗೆ ಸೊಪ್ಪಿನ ಬುಟ್ಟಿ, ಅದರ ಮೇಲೆ ಹರಡಿದ ಒದ್ದೆ ಗೋಣಿ. ಮೂರು ಜನರ ಸೀಟಿನಲ್ಲಿ ನಾಲ್ವರು ಒತ್ತಿ ಕೂತು, ಎಲೆಯ ಪೊಟ್ಟಣ ಬಿಚ್ಚಿ ಮಲ್ಲಿಗೆಯನ್ನು ಮೊಳ ಹಾಕಿ ಹಂಚಿಕೊಳ್ಳುತ್ತಿರುತ್ತಾರೆ. ಕಂಡಕ್ಟರ್ ಹುಬ್ಬಳ್ಳಿಯ ಕಡೆಯಾದರೆ 'ಮುಂದ ಸರೀರಿ ಅಕ್ಕಾರ' ಅನ್ನುತ್ತಾರೆ, ಮೈಸೂರಿನ ಕಡೆಯಾದರೆ 'ಒಳಗೆ ನಡೀರಮ್ಮ' ಅನ್ನುತ್ತಾರೆ. ಮಾತು, ನಗು, ಯಾರದೋ ಮಗಳ ಪರೀಕ್ಷೆಯ ಫಲಿತಾಂಶ, ಯಾರದೋ ಸೊಸೆಯ ಸೀಮಂತದ ಸುದ್ದಿ. ಬಸ್ಸಿನ ಸಂತೋಷ ಎಂದರೆ ಇದೇ.

ಬನದ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋದರೂ, ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋದರೂ, ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ ನೋಡಿಬಂದರೂ 'ಬಿಟ್ಟಿ ಬಸ್ಸಿನಲ್ಲಿ ತಿರುಗಾಟ' ಎಂಬ ಟೀಕೆ ತಪ್ಪುವುದಿಲ್ಲ. ನಮ್ಮ ನಿಲುವು ಸ್ಪಷ್ಟ. ಕೆಲಸಕ್ಕೆ ಹೋಗುವುದು ಎಷ್ಟು ಸರಿಯಾದ ಪ್ರಯಾಣವೋ, ಖುಷಿಗೆ ಹೋಗುವುದೂ ಅಷ್ಟೇ ಸರಿಯಾದ ಪ್ರಯಾಣ. ಜೀವಮಾನವಿಡೀ ಮನೆ, ಹೊಲ, ಒಲೆ ಎಂದು ಕಳೆದವರು ಅರವತ್ತರ ವಯಸ್ಸಿನಲ್ಲಿ ಮೊದಲ ಸಲ ಧರ್ಮಸ್ಥಳ ನೋಡಿದರೆ ನಾಡಿಗೆ ಆಗುವ ನಷ್ಟವೇನೂ ಇಲ್ಲ. ಈ ಬಗೆಯ ಯೋಜನೆ ಒಂದು ಪಕ್ಷದ ಸೊತ್ತೂ ಅಲ್ಲ. ದೆಹಲಿಯಲ್ಲಿ 2019ರಿಂದ, ತಮಿಳುನಾಡಿನಲ್ಲಿ 2021ರಿಂದ, ತೆಲಂಗಾಣದಲ್ಲಿ 2023ರ ಡಿಸೆಂಬರಿನಿಂದ, ಆಂಧ್ರದಲ್ಲಿ 2025ರ ಆಗಸ್ಟಿನಿಂದ ಮಹಿಳೆಯರಿಗೆ ಉಚಿತ ಪ್ರಯಾಣ ಬಂತು. ಮಹಾರಾಷ್ಟ್ರ 2023ರಲ್ಲಿ ಅರ್ಧ ದರ ಮಾಡಿತು. ಶುರು ಮಾಡಿದ ಸರ್ಕಾರಗಳು ಬೇರೆ ಬೇರೆ ಪಕ್ಷಗಳವು.

ಆದರೆ ಈ ಸಂತೋಷ ಒಂದು ಹೇಳಿಕೆಯ ಮೇಲೆ ನಿಂತಿದೆ ಎಂಬ ಅಳುಕು ಮಾತ್ರ ಹೋಗಿಲ್ಲ. 2024ರ ಅಕ್ಟೋಬರ್ ಕೊನೆಯಲ್ಲಿ, ಕೆಲವು ಮಹಿಳೆಯರು ಟಿಕೆಟ್ ದುಡ್ಡು ಕೊಡಲು ಸಿದ್ಧರಿದ್ದಾರೆ, ಯೋಜನೆಯ ಬಗ್ಗೆ ಮರುಪರಿಶೀಲನೆ ಮಾಡೋಣ ಎಂಬ ಅರ್ಥದ ಮಾತನ್ನು ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಆಡಿದರು. ಅಂಥ ಪ್ರಸ್ತಾಪ ಇಲ್ಲವೆಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ಪಷ್ಟಪಡಿಸಿದರು. ಸುದ್ದಿವಾಹಿನಿಗಳಿಗೆ ಅದು ಒಂದೆರಡು ದಿನದ ಚರ್ಚೆ. ಮಗಳನ್ನು ದೂರದ ಕಾಲೇಜಿಗೆ ಸೇರಿಸಿದ ಮನೆಗಳಲ್ಲಿ ಅದು ಮುಂದಿನ ವರ್ಷ ಏನು ಮಾಡುವುದು ಎಂಬ ಪ್ರಶ್ನೆ. ಯೋಜನೆ ಇರುತ್ತದೋ ಇಲ್ಲವೋ ಎಂಬುದನ್ನು ಮೈಕಿನ ಮುಂದೆ ತೇಲಿಬಿಡಬೇಡಿ ಎಂದು ಎಲ್ಲ ಪಕ್ಷದವರನ್ನೂ ಕೇಳಿಕೊಳ್ಳುತ್ತೇವೆ.

ಈಗ ಮುಖ್ಯ ವಿಷಯ.

ಟಿಕೆಟ್ ಸೊನ್ನೆ ಆದರೂ ಬಸ್ಸೇ ಬಾರದಿದ್ದರೆ ಏನಾಗುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡಿ. ಗಂಟೆಗೊಂದು ಬಸ್ಸಿರುವ ದಾರಿಯಲ್ಲಿ ಒಂದು ಟ್ರಿಪ್ ರದ್ದಾದರೆ ಕಾಯುವ ಹೊತ್ತು ಎರಡು ಗಂಟೆಯವರೆಗೂ ಬೆಳೆಯುತ್ತದೆ. ಮುಂದಿನ ಬಸ್ಸಿಗೆ ಎರಡು ಬಸ್ಸಿನ ಜನ. ಅದು ಪ್ರತಿ ಸ್ಟಾಪಿನಲ್ಲೂ ಹೆಚ್ಚು ಹೊತ್ತು ನಿಂತು ತಡವಾಗುತ್ತದೆ. ತಡವಾದ ಬಸ್ಸು ತುದಿ ಮುಟ್ಟಿ ವಾಪಸು ಹೊರಡುವ ಸಮಯವೂ ಕೈತಪ್ಪುತ್ತದೆ, ಹೀಗಾಗಿ ಸಂಜೆಯ ಕೊನೆಯ ಟ್ರಿಪ್ಪಿಗೆ ಕತ್ತರಿ ಬೀಳುತ್ತದೆ. ಕಾನೂನಿನ ಪ್ರಕಾರ ಚಾಲಕರ ಕೆಲಸದ ಅವಧಿ ದಿನಕ್ಕೆ ಎಂಟು ಗಂಟೆ. ಡ್ಯೂಟಿ ಮುಗಿದ ಚಾಲಕರನ್ನು ಇನ್ನೊಂದು ಸಲ ಹೊರಡಿ ಎನ್ನುವುದು ತಪ್ಪು, ಅಪಾಯ ಕೂಡ. ಬೆಳಗಿನ ಒಂದು ಟ್ರಿಪ್ ಕಳೆದರೆ ರಾತ್ರಿಯವರೆಗೂ ಅದರ ಏಟು ತಟ್ಟುವುದು ಹೀಗೆ.

ದಿನಕ್ಕೆ ಎರಡೇ ಟ್ರಿಪ್ ಇರುವ ಊರುಗಳ ಪಾಡು ಬೇರೆ. ಬೆಳಿಗ್ಗೆ ಏಳೂವರೆಯ ಬಸ್ಸು ತಪ್ಪಿದರೆ ಕಾಲೇಜಿನ ಆ ದಿನವೇ ತಪ್ಪಿದಂತೆ. ಪರೀಕ್ಷೆಗೆ ಕೂರಬೇಕಾದರೆ ಶೇ. 75 ಹಾಜರಾತಿ ಬೇಕು. ವಾರಕ್ಕೆ ಎರಡು ದಿನ ಬಸ್ಸು ಕೈಕೊಟ್ಟರೆ ಆರರಲ್ಲಿ ನಾಲ್ಕು ದಿನ, ಅಂದರೆ ಶೇ. 67ಕ್ಕೂ ಕೆಳಗೆ ಬಂದು ನಿಲ್ಲುತ್ತದೆ. ಆ ಹುಡುಗಿಗೆ ಟಿಕೆಟ್ ಉಚಿತವೇ, ಆದರೆ ಹಾಲ್ ಟಿಕೆಟ್ ಸಿಗುವುದಿಲ್ಲ.

ಟ್ರಿಪ್ ರದ್ದಾಗಲು ಕಾರಣಗಳು ಹಲವು. ಬಸ್ಸು ಕೆಟ್ಟು ನಿಲ್ಲುವುದು, ಬಿಡಿಭಾಗ ಬರುವವರೆಗೆ ವರ್ಕ್‌ಶಾಪಿನಲ್ಲೇ ಉಳಿಯುವುದು, ಚಾಲಕ-ನಿರ್ವಾಹಕರ ಕೊರತೆ, ರಜೆ ಹಾಕಿದವರ ಜಾಗಕ್ಕೆ ಜನ ಇಲ್ಲದಿರುವುದು. ಇವೆಲ್ಲ ಎಲ್ಲರಿಗೂ ಗೊತ್ತಿರುವಂಥವು. ಇನ್ನೊಂದು ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಸಮಾವೇಶ, ಶಂಕುಸ್ಥಾಪನೆ, ಫಲಾನುಭವಿಗಳ ಸಭೆ ಎಂದರೆ ನೂರಾರು ಬಸ್ಸುಗಳು ಒಪ್ಪಂದದ ಮೇಲೆ ಅಲ್ಲಿಗೆ ಹೋಗುತ್ತವೆ. ಎಲ್ಲ ಪಕ್ಷದ ಸರ್ಕಾರಗಳೂ ಇದನ್ನು ಮಾಡಿವೆ. ನಿಗಮಕ್ಕೆ ಕಿಲೋಮೀಟರ್ ಲೆಕ್ಕದಲ್ಲಿ ದುಡ್ಡು ಬರುತ್ತದೆ, ಅದರಲ್ಲಿ ತಪ್ಪಿಲ್ಲ. ತಪ್ಪಿರುವುದು ಬಸ್ಸನ್ನು ಎಲ್ಲಿಂದ ತೆಗೆಯುತ್ತಾರೆ ಎಂಬುದರಲ್ಲಿ. ಜಿಲ್ಲಾ ಕೇಂದ್ರಗಳ ನಡುವಿನ ಎಕ್ಸ್‌ಪ್ರೆಸ್ ಬಸ್ಸಿಗೆ ಆದಾಯ ಹೆಚ್ಚು, ದೂರು ಕೊಡುವ ಬಾಯಿಯೂ ಹೆಚ್ಚು, ಹಾಗಾಗಿ ಅದನ್ನು ಮುಟ್ಟುವುದಿಲ್ಲ. ಹಳ್ಳಿಯ ಟ್ರಿಪ್ಪಿಗೆ ಕೈ ಹಾಕುವುದು ಸುಲಭ. ಮರುದಿನದ ಪತ್ರಿಕೆಯಲ್ಲಿ ಸಮಾವೇಶದ ಜನಸಾಗರದ ಫೋಟೋ ಇರುತ್ತದೆ. ಆ ಬಸ್ಸು ಅಂದು ಯಾವ ಊರಿಗೆ ಹೋಗಲಿಲ್ಲ ಎಂಬುದು ಎಲ್ಲೂ ಇರುವುದಿಲ್ಲ.

ಇದಕ್ಕೆ ಪರಿಹಾರ ಕಷ್ಟವಾದದ್ದಲ್ಲ. ದಿನಕ್ಕೆ ಎರಡು ಅಥವಾ ಅದಕ್ಕಿಂತ ಕಡಿಮೆ ಟ್ರಿಪ್ ಇರುವ ಊರಿನ ಬಸ್ಸನ್ನು ಯಾವುದೇ ಸಭೆಗೆ, ಜಾತ್ರೆಗೆ ಕೊಡಕೂಡದು ಎಂದು ಸುತ್ತೋಲೆ ಹೊರಡಿಸಿ. ಬೇರೆ ದಾರಿಯ ಬಸ್ಸು ಕೊಟ್ಟರೂ ಯಾವ ಟ್ರಿಪ್ ಇಲ್ಲ ಎಂಬುದನ್ನು 48 ಗಂಟೆ ಮೊದಲು ನಿಲ್ದಾಣದ ಬೋರ್ಡಿನಲ್ಲಿ ಬರೆಸಿ, ಪಂಚಾಯಿತಿಗೆ ವಾಟ್ಸಾಪಿನಲ್ಲಿ ತಿಳಿಸಿ. ಚುನಾವಣೆ ಸಿಬ್ಬಂದಿಗೆ ಬಸ್ಸು ಕೊಡುವುದು ಅನಿವಾರ್ಯ, ಒಪ್ಪುತ್ತೇವೆ. ಮತದಾನದ ದಿನಾಂಕ ವಾರಗಟ್ಟಲೆ ಮೊದಲೇ ಗೊತ್ತಿರುವುದರಿಂದ ರದ್ದಾಗುವ ಟ್ರಿಪ್ಪಿನ ಪಟ್ಟಿಯೂ ಮೊದಲೇ ಸಿದ್ಧವಾಗಬಹುದು.

ಖಾಸಗಿ ಬಸ್ಸುಗಳೇ ಹೆಚ್ಚಿರುವ ದಕ್ಷಿಣ ಕನ್ನಡ, ಉಡುಪಿ ಮತ್ತು ಮಲೆನಾಡಿನ ಹಲವು ಕಡೆ ಈ ಚರ್ಚೆಯೇ ದೂರದ್ದು. ಸೊನ್ನೆ ಟಿಕೆಟ್ ಕೊಡುವ ಸರ್ಕಾರಿ ಬಸ್ಸು ಅಲ್ಲಿನ ಅನೇಕ ದಾರಿಗಳಲ್ಲಿ ಇಲ್ಲವೇ ಇಲ್ಲ. ಕೊಪ್ಪದಲ್ಲಿ ಕಾರ್ಮಿಕರೇ ಕಟ್ಟಿ ನಡೆಸುತ್ತಿದ್ದ ಸಹಕಾರ ಸಾರಿಗೆ 2020ರಲ್ಲಿ ನಿಂತುಹೋಯಿತು. ಆ ಭಾಗದ ಹೆಣ್ಣುಮಕ್ಕಳು ಉಚಿತ ಪ್ರಯಾಣದ ಸುದ್ದಿಯನ್ನು ಟಿಕೆಟಿಗೆ ದುಡ್ಡು ಕೊಟ್ಟು ಕೂತ ಬಸ್ಸಿನಲ್ಲೇ ಓದುತ್ತಾರೆ. ಹೊಸ ಬಸ್ಸು ಬಂದಾಗ ಮೊದಲ ಪಾಲು ಇಂಥ ದಾರಿಗಳಿಗೆ ಸಿಗಬೇಕು.

ಕಂಡಕ್ಟರ್‌ಗಳ ಪರವಾಗಿಯೂ ಒಂದು ಮಾತು. ಒಬ್ಬರಿಗೆ ಟಿಕೆಟ್ ಕೊಡಲು 12 ಸೆಕೆಂಡ್ ಎಂದರೂ 60 ಜನಕ್ಕೆ 12 ನಿಮಿಷ ಬೇಕು. ಬ್ಯಾಗಿನ ತಳದಿಂದ ಆಧಾರ್ ಕಾರ್ಡು ಹುಡುಕಿ ತೆಗೆಯುವ ಹೊತ್ತು ಸೇರಿಸಿದರೆ ಅದು ಇಪ್ಪತ್ತು ದಾಟುತ್ತದೆ. ಅಷ್ಟರಲ್ಲಿ ಎರಡು ಸ್ಟಾಪು ಬಂದು ಇನ್ನಷ್ಟು ಜನ ಹತ್ತಿರುತ್ತಾರೆ. ಯಂತ್ರದ ಬ್ಯಾಟರಿ ಮಧ್ಯಾಹ್ನದ ಹೊತ್ತಿಗೆ ಇಳಿಯುತ್ತದೆ, ಪೇಪರ್ ರೋಲು ಸಿಕ್ಕಿಕೊಳ್ಳುತ್ತದೆ. ಟಿಕೆಟ್ ಕೊಡದೆ ಬಿಟ್ಟಿದ್ದು ತನಿಖಾ ದಳದ ಕಣ್ಣಿಗೆ ಬಿದ್ದರೆ ಶಿಕ್ಷೆ ಕಂಡಕ್ಟರ್‌ಗೆ. ಅದಕ್ಕೇ ಅವರು ಅವಸರ ಮಾಡುತ್ತಾರೆ, ಗದರುತ್ತಾರೆ. ಶುರುವಿನಲ್ಲೇ ಹೇಳಿದ್ದ ಶಕ್ತಿ ಸ್ಮಾರ್ಟ್ ಕಾರ್ಡು ಎಲ್ಲರ ಕೈ ಸೇರಿ, ಯಂತ್ರಕ್ಕೆ ತಾಗಿಸಿದರೆ ಟಿಕೆಟ್ ಬರುವಂತಾದರೆ ಈ ಜಗಳ ಅರ್ಧ ಕಡಿಮೆಯಾಗುತ್ತದೆ. ಅಲ್ಲಿಯವರೆಗೆ ಪ್ರತಿ ಕಂಡಕ್ಟರ್‌ಗೂ ಚಾರ್ಜ್ ಆದ ಇನ್ನೊಂದು ಬ್ಯಾಟರಿ ಮತ್ತು ಎರಡು ಹೆಚ್ಚುವರಿ ರೋಲು ಕೊಟ್ಟು ಕಳಿಸಿ.

ಜೊತೆಯ ಪ್ರಯಾಣಿಕರಿಗೂ ಇಲ್ಲೇ ಹೇಳುವುದಿದೆ. 'ಫ್ರೀ ತಾನೆ, ಟಿಕೆಟ್ ಯಾಕೆ' ಅನ್ನಬೇಡಿ. ಅಕ್ಕಂದಿರೇ, ಆ ಚೀಟಿಯ ಮೇಲೆ ಬರೆದ ದೂರದ ಲೆಕ್ಕದಲ್ಲೇ ಸರ್ಕಾರ ನಿಗಮಕ್ಕೆ ದುಡ್ಡು ಕೊಡಬೇಕಾದದ್ದು. ಟಿಕೆಟ್ ಇಲ್ಲದೆ ಹೋದ ಪ್ರಯಾಣಕ್ಕೆ ನಿಗಮಕ್ಕೆ ಒಂದು ಪೈಸೆಯೂ ಇಲ್ಲ, ಆ ದಾರಿಯಲ್ಲಿ ಜನವೇ ಇಲ್ಲವೆಂದು ಕಾಗದದಲ್ಲಿ ದಾಖಲಾಗುತ್ತದೆ, ಮುಂದೆ ಟ್ರಿಪ್ ಕಡಿತ ಮಾಡಲು ಅದೇ ನೆಪ. ಇಳಿಯುವ ಊರನ್ನೂ ಸರಿಯಾಗಿ ಹೇಳಿ. ಮಧ್ಯೆ ಇಳಿಯುವವರು ಕೊನೆಯ ಸ್ಟಾಪಿಗೆ ಟಿಕೆಟ್ ತೆಗೆದುಕೊಂಡರೆ ಸುಳ್ಳು ಲೆಕ್ಕದ ಆರೋಪ ಕಂಡಕ್ಟರ್ ತಲೆಗೆ ಬರುತ್ತದೆ. ಥರ್ಮಲ್ ಕಾಗದದ ಅಕ್ಷರ ಬಿಸಿಲಿಗೆ, ಬೆವರಿಗೆ ಮಾಸಿಹೋಗುತ್ತದೆ. ಇಳಿಯುವವರೆಗೆ ಮಡಚಿ ಪರ್ಸಿನಲ್ಲಿಡಿ.

ಗಂಡಸರ ಬೇಸರ ನಮಗೆ ಅರ್ಥವಾಗುತ್ತದೆ. 2025ರ ಜನವರಿ 5ರಿಂದ ದರ ಶೇ. 15 ಏರಿತು. ದುಡ್ಡು ಕೊಟ್ಟು ನಿಂತು ಹೋಗುವವರಿಗೆ ಸಿಟ್ಟು ಬರುವುದು ಸಹಜ. ಬಿಎಂಟಿಸಿ ಬಿಟ್ಟು ಉಳಿದ ಮೂರು ನಿಗಮಗಳ ಬಸ್ಸಿನಲ್ಲಿ ಅರ್ಧ ಸೀಟು ಗಂಡಸರಿಗೆ ಎಂಬ ಆದೇಶ ಯೋಜನೆಯ ಜೊತೆಗೇ ಬಂದಿದೆ. ನೂಕುನುಗ್ಗಲಿನಲ್ಲಿ ಅದು ಪಾಲನೆಯಾಗುವುದಿಲ್ಲ, ಬರೀ ಕಂಡಕ್ಟರ್ ಬಾಯಿಂದ ಆಗುವ ಕೆಲಸವೂ ಅದಲ್ಲ. ಸಿಟ್ಟು ಪಕ್ಕದ ಸೀಟಿನ ಅಜ್ಜಿಯ ಮೇಲೆ ತಿರುಗದೆ, ಬಾರದೇ ಹೋದ ಬಸ್ಸಿನ ಕಡೆ ತಿರುಗಿದರೆ ಇಬ್ಬರಿಗೂ ಸೀಟು ಸಿಗುವ ದಾರಿ ಕಾಣುತ್ತದೆ.

ದುಡ್ಡಿನ ವಿಚಾರ ಮುಚ್ಚಿಡುವಂಥದ್ದಲ್ಲ. ಡೀಸೆಲ್ಲಿಗೆ ನಿಗಮ ಅಂದಂದೇ ದುಡ್ಡು ಹೊಂದಿಸಬೇಕು, ಸೊನ್ನೆ ಟಿಕೆಟ್ಟಿನ ದುಡ್ಡು ಸರ್ಕಾರದಿಂದ ಆಮೇಲೆ ಬರುತ್ತದೆ. ಅದು ತಡವಾದರೆ ಮೊದಲು ನಿಲ್ಲುವುದು ಟೈರು ಮತ್ತು ಬಿಡಿಭಾಗದ ಖರೀದಿ, ಆಮೇಲೆ ನೌಕರರ ಬಾಕಿ. 38 ತಿಂಗಳ ವೇತನ ಪರಿಷ್ಕರಣೆಯ ಬಾಕಿ ಮುಂತಾದ ಬೇಡಿಕೆಗಳಿಗಾಗಿ 2025ರ ಆಗಸ್ಟ್ 5ರಂದು ನೌಕರರು ಮುಷ್ಕರ ಹೂಡಿದರು. ಅಂದಿನ ಸುದ್ದಿಯ ತಲೆಬರಹ ಬಹುತೇಕ ಕಡೆ 'ಪ್ರಯಾಣಿಕರ ಪರದಾಟ'. ಪರದಾಟ ನಿಜವೇ. ಆದರೆ ನಮ್ಮನ್ನು ದಿನಾ ಊರು ಮುಟ್ಟಿಸುವವರ ಸಂಬಳ ಬಾಕಿ ಇರುವಾಗ ನಾವು ಉಚಿತವಾಗಿ ಕೂತಿದ್ದೇವೆ ಎಂಬುದು ಅಂದು ಕಾಡಿತು, ಇಂದಿಗೂ ಕಾಡುತ್ತದೆ. ಮರುಪಾವತಿಯನ್ನು ಪ್ರತಿ ತಿಂಗಳೂ ನಿಗದಿತ ದಿನಕ್ಕೆ ಕೊಡಿ, ಕೊಟ್ಟ ಮೊತ್ತ ಮತ್ತು ಉಳಿದ ಬಾಕಿ ಎರಡನ್ನೂ ಇಲಾಖೆಯ ಜಾಲತಾಣದಲ್ಲಿ ಹಾಕಿ. ಆಗ 'ನಿಗಮ ಮುಳುಗಿತು' ಎನ್ನುವವರಿಗೂ 'ಎಲ್ಲ ಚೆನ್ನಾಗಿದೆ' ಎನ್ನುವವರಿಗೂ ಒಂದೇ ಅಂಕಿ ಎದುರಿಗಿರುತ್ತದೆ.

ಟ್ರಿಪ್ಪಿನ ಲೆಕ್ಕಕ್ಕೆ ಹೊಸ ವ್ಯವಸ್ಥೆಯೇನೂ ಬೇಕಿಲ್ಲ. ಓಡಬೇಕಿದ್ದ ಕಿ.ಮೀ., ಓಡಿದ ಕಿ.ಮೀ., ರದ್ದಾದ ಕಿ.ಮೀ. ಎಂಬ ಲೆಕ್ಕವನ್ನು ಡಿಪೋಗಳು ಈಗಲೂ ಇಟ್ಟುಕೊಳ್ಳುತ್ತವೆ. ಮಾಹಿತಿ ಹಕ್ಕು ಕಾಯ್ದೆ, 2005ರ 4ನೇ ಕಲಂ ಪ್ರಕಾರ ಸಾರ್ವಜನಿಕ ಸಂಸ್ಥೆಗಳು ಕೇಳುವ ಮೊದಲೇ ಮಾಹಿತಿ ಪ್ರಕಟಿಸಬೇಕು. ನೀವು ಪ್ರಕಟಿಸುವವರೆಗೆ ಊರಿನವರು ಕೇಳಿ ಪಡೆಯಬಹುದು. ಅರ್ಜಿ ಹಾಕುವವರಿಗೆ ನಮ್ಮ ಸಲಹೆ ಇಷ್ಟು: 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. 'ಬಸ್ಸು ಸರಿಯಾಗಿ ಏಕೆ ಬರುವುದಿಲ್ಲ' ಎಂದು ಕೇಳಿದರೆ ಉತ್ತರ ಬರುವುದಿಲ್ಲ, ಅದು ದಾಖಲೆಯಲ್ಲಿ ಇರುವ ವಿಷಯವಲ್ಲ. 'ಇಂಥ ತಿಂಗಳಲ್ಲಿ ಇಂಥ ದಾರಿಯ ಇಂಥ ಸಮಯದ ಟ್ರಿಪ್ ರದ್ದಾದ ದಿನಾಂಕಗಳು ಮತ್ತು ದಾಖಲಿಸಿದ ಕಾರಣ' ಎಂದು ಕೇಳಿ. 30 ದಿನದಲ್ಲಿ ಉತ್ತರ ಬರಬೇಕು, ಬಾರದಿದ್ದರೆ ಮೊದಲ ಮೇಲ್ಮನವಿಗೆ ಮತ್ತೆ 30 ದಿನದ ಅವಕಾಶ.

ಅದಕ್ಕೂ ಮೊದಲು ಸ್ಟಾಪಿನಲ್ಲಿ ಒಂದು ನೋಟ್‌ಬುಕ್ ಇಡಿ. ಪಕ್ಕದ ಅಂಗಡಿಯವರು ಒಪ್ಪಿದರೆ ಅಲ್ಲೇ ತೂಗುಹಾಕಬಹುದು. ದಿನಾಂಕ, ಬರಬೇಕಿದ್ದ ಸಮಯ, ಬಂದ ಸಮಯ, ಬಸ್ಸಿನ ನಂಬರ್, ಹತ್ತಲಾಗದೆ ಉಳಿದವರು ಎಷ್ಟು ಎಂದು ಐದು ಅಂಕಣ ಸಾಕು. ಒಂದು ತಿಂಗಳ ಪುಟಗಳ ಪ್ರತಿಯನ್ನು ಡಿಪೋ ವ್ಯವಸ್ಥಾಪಕರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ, ಇನ್ನೊಂದು ಪ್ರತಿ ವಿಭಾಗೀಯ ನಿಯಂತ್ರಣಾಧಿಕಾರಿಗೆ. ಗ್ರಾಮಸಭೆಯಲ್ಲಿ ಅದನ್ನೇ ಓದಿ ನಿರ್ಣಯ ಬರೆಸಿ. ಬರೀ 'ಬಸ್ಸಿನ ಸಮಸ್ಯೆ ಇದೆ' ಎಂಬ ಮನವಿ ಫೈಲಿನಲ್ಲೇ ಉಳಿಯುತ್ತದೆ. ದಿನಾಂಕ, ಸಮಯ ಇರುವ ಮನವಿಗೆ ಅಧಿಕಾರಿ ಉತ್ತರ ಬರೆಯಲೇಬೇಕಾಗುತ್ತದೆ.

ಪತ್ರಕರ್ತ ಮಿತ್ರರೇ, ಮಳೆಗಾಲ ಬಂದರೆ ಕೆಆರ್‌ಎಸ್‌ನ ಇಂದಿನ ಮಟ್ಟ ಎಷ್ಟು ಅಡಿ, ಒಳಹರಿವು ಎಷ್ಟು, ಹೊರಹರಿವು ಎಷ್ಟು ಎಂದು ನೀವು ದಿನಾ ಅಚ್ಚು ಹಾಕುತ್ತೀರಿ. ಮಂಡ್ಯದ ರೈತರು ಮೊದಲು ನೋಡುವುದು ಅದನ್ನೇ. ಬಸ್ಸಿನ ಲೆಕ್ಕಕ್ಕೂ ಜಿಲ್ಲಾ ಪುಟದಲ್ಲಿ ಅಷ್ಟೇ ಜಾಗ ಕೊಡಿ: ಡಿಪೋದ ಹೆಸರು, ನಿನ್ನೆ ಓಡಬೇಕಿದ್ದ ಟ್ರಿಪ್, ಓಡಿದ ಟ್ರಿಪ್, ರದ್ದಾದ ಕಾರಣ. ಸಚಿವರು ಆ ಅಂಕಿಯನ್ನು ಪ್ರತಿ ಸಂಜೆ ಬಿಡುಗಡೆ ಮಾಡಲು ನಾಲ್ಕೂ ನಿಗಮಗಳಿಗೆ ಆದೇಶ ಕೊಡಲಿ. ಮುಂದಿನ ತಿಂಗಳ ಒಂದನೇ ತಾರೀಖಿನಿಂದ, ಜಿಲ್ಲೆಗೊಂದು ಡಿಪೋದಿಂದ ಶುರುಮಾಡಿದರೂ ಸಾಕು.

ಇಂತಿ,
ದಿನಾ ಬಸ್ಸಿನಲ್ಲಿ ಓಡಾಡುವ ಹೆಣ್ಣುಮಕ್ಕಳು